ಕೊಟ್ಟೂರೇಶಣ್ಣನ ಬೆಳ್ಳಕ್ಕಿ ದೂರು

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನನ್ನ ಕನ್ನಡಕದ ಅಂಗಡಿಗೆ ಅಂಟಿಕೊಂಡೇ ಕೊಟ್ಟೂರೇಶಣ್ಣನ ಅಂಗಡಿ. ಅವನು ಮಾರುವುದು ಬಿಳಿ ಬಟ್ಟೆ ಮಾತ್ರ: ಪಂಚೆ, ಶಲ್ಯ, ಅಂಗಿ, ಮದುಮಗನ ಜುಬ್ಬ. ಯಾರಾದರೂ ತಿಳಿಯದೆ ನೀಲಿ ಅಂಗಿ ಕೇಳಿದರೆ, ಮಠಕ್ಕೆ ಬಂದು ಮೊಟ್ಟೆ ಕೇಳಿದವರನ್ನು ನೋಡುವ ಹಾಗೆ ನೋಡುತ್ತಾನೆ. ಬಿಳಿಯಲ್ಲೇ ಹಾಲುಬಿಳಿ, ಮಲ್ಲಿಗೆಬಿಳಿ, ಸುಣ್ಣದಬಿಳಿ ಅಂತ ಅವನಿಗೆ ಬೇರೆ ಬೇರೆ ಇವೆ. ಟ್ಯೂಬ್‌ಲೈಟಿನ ಕೆಳಗೆ ಯಾವ ಬಿಳಿಯನ್ನೂ ನಂಬಬಾರದು ಅನ್ನುವುದು ಅವನ ಸಿದ್ಧಾಂತ. ಹಾಗಾಗಿ ಅಂಗಿ ತೊಟ್ಟ ಗಿರಾಕಿಯನ್ನು ತೋಳು ಹಿಡಿದು ರಸ್ತೆಗೆ ಕರೆತಂದು ಬಿಸಿಲಲ್ಲಿ ನಿಲ್ಲಿಸುತ್ತಿದ್ದ.

ತೊಂದರೆ ಶುರುವಾದದ್ದು ಅಲ್ಲಿಂದಲೇ. ಅಂಗಡಿ ಮುಂದೆ ರಸ್ತೆಯ ಮೇಲೆ ಕೊಡೆ ಹಿಡಿದಂತೆ ಒಂದು ಹಳೆಯ ಮಳೆಮರವಿದೆ. ಒಂದು ಮಳೆಗಾಲ ಎಲ್ಲಿಂದಲೋ ಬೆಳ್ಳಕ್ಕಿಗಳು ಬಂದು ಅದರ ಮೇಲೆ ಇಳಿದವು. ಅವುಗಳ ಬೆನ್ನಿಗೇ ಕಪ್ಪು ನೀರುಕಾಗೆಗಳು. ಎರಡು ದಿನ ಇದ್ದು ಹೋಗುತ್ತವೆ ಅಂದುಕೊಂಡೆವು. ಅವು ಗೂಡು ಕಟ್ಟಿದವು, ಮರಿ ಮಾಡಿದವು, ಮುಂದಿನ ವರ್ಷ ನೆಂಟರನ್ನೂ ಕರೆದುಕೊಂಡು ಬಂದವು.

ಶ್ರಾವಣದಲ್ಲಿ ಮಾಯಕೊಂಡದ ಒಬ್ಬ ಮದುಮಗ ಬಂದಿದ್ದ. ಜುಬ್ಬ ತೊಡಿಸಿ ಕೊಟ್ಟೂರೇಶಣ್ಣ ಎಂದಿನಂತೆ ಹೊರಗೆ ಕರೆತಂದ. "ಹಿಂಗೆ ನಿಂದರ್ರಿ, ಈಗ ನೋಡ್ರಿ ಹೊಳಪು," ಅನ್ನುತ್ತಿರುವಾಗಲೇ ಮೇಲಿಂದ ಬಿತ್ತು. ಒಂದು ಹನಿ ಎರಡು ಹನಿ ಅಲ್ಲ, ಸೌಟಿನಲ್ಲಿ ಬಡಿಸಿದ ಹಾಗೆ, ಭುಜದಿಂದ ಜೇಬಿನವರೆಗೆ. ಜೊತೆಗೆ ಬಂದಿದ್ದ ಸೋದರತ್ತೆ, "ಹಕ್ಕಿ ಹಿಕ್ಕೆ ಬಿದ್ರೆ ಅದೃಷ್ಟ ಬಿಡ್ರಿ," ಅಂದಳು. ಮದುಮಗ ಜುಬ್ಬ ಬಿಚ್ಚುತ್ತಾ, "ಹಂಗಾರೆ ಅದೃಷ್ಟ ಸಾವ್ಕಾರ್ರಿಗೇ ಇರ್ಲಿ," ಅಂತ ಹೇಳಿ ಬೇರೆ ಅಂಗಡಿಗೆ ನಡೆದ.

ಮರುದಿನವೇ ಕೊಟ್ಟೂರೇಶಣ್ಣ ಮರ ಕಡಿಸಬೇಕು ಅಂತ ಅರಣ್ಯ ಇಲಾಖೆಯ ಕಚೇರಿಗೆ ಹೋದ. ಅಲ್ಲಿನ ಅಧಿಕಾರಿ ಸಮಾಧಾನದ ಮನುಷ್ಯ. "ಗೂಡಿರೋ ಮರ ಸುಮ್ ಸುಮ್ನೆ ಕಡಿಯಾಕೆ ಬರಲ್ರಿ. ಯಾವ ಹಕ್ಕಿ, ಯಾವ ಹೊತ್ತಿನಾಗ, ಏನು ತೊಂದರೆ ಕೊಡ್ತೈತೆ, ಕಣ್ಣಾರೆ ನೋಡಿ ವಿವರವಾಗಿ ಬರ್ಕೊಡ್ರಿ," ಅಂದರು.

ಇವನು ಅದನ್ನು ಅಕ್ಷರಶಃ ತೆಗೆದುಕೊಂಡ. ಬೆಳಗ್ಗೆ ಅಂಗಡಿ ತೆರೆಯುವ ಮುಂಚೆ ಕುರ್ಚಿ ಹಾಕಿ, ತಲೆಗೆ ಪ್ಲಾಸ್ಟಿಕ್ ಚೀಲ, ಕೈಯಲ್ಲಿ ಕೊಡೆ, ಮರದ ಕೆಳಗೆ ಕೂತ. ಸಂಜೆ ಮತ್ತೆ ಕೂತ. ನನ್ನ ಅಂಗಡಿಗೆ ಬಂದು, ದೂರದ ಕೊಂಬೆ ಕಾಣುವಂಥ ಕನ್ನಡಕ ಮಾಡಿಸಿಕೊಂಡು ಹೋದ. ಗೌರಿ ಹಬ್ಬ ಬರುವ ಹೊತ್ತಿಗೆ ದೂರು ತಯಾರಾಗಿ ಕಚೇರಿಗೆ ಹೋಯಿತು. ಅದರ ಒಂದು ಪ್ರತಿಯನ್ನು, ಕುಂದುಕೊರತೆ ಅಂಕಣದಲ್ಲಿ ಹಾಕಿ ಅಂತ, ಊರಿನ ಸಣ್ಣ ಪತ್ರಿಕೆಯೊಂದರ ಸಂಪಾದಕ ಫಜಲುಲ್ಲಾನಿಗೆ ಕೊಟ್ಟ.

ಕುಂದುಕೊರತೆ ಅಂಕಣದಲ್ಲಿ ಆ ವಾರ ಚರಂಡಿಗಳೇ ತುಂಬಿದ್ದವು. ಭಾನುವಾರದ ಪುಟದಲ್ಲಿ ಮಾತ್ರ ಅರ್ಧ ಜಾಗ ಖಾಲಿ. ಉಳಿದರ್ಧದಲ್ಲಿ ಹಿಂದಿನ ಬೀದಿಯ ಉಮಾಮಹೇಶ್ವರಿ ಮೇಡಂ ಅವರ ಪ್ರಕೃತಿ ಲೇಖನ. ಅವರು ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು; ವಾರವಾರ ಬರೆಯುತ್ತಿದ್ದರು. ಆ ವಾರ ಅವರೂ ಇದೇ ಮರದ ಬಗ್ಗೆ ಬರೆದಿದ್ದರು. ಫಜಲುಲ್ಲಾ ಎರಡನ್ನೂ ಅಕ್ಕಪಕ್ಕ ಇಟ್ಟು, "ಒಂದು ಮರ, ಇಬ್ಬರು ಲೇಖಕರು" ಅಂತ ಶೀರ್ಷಿಕೆ ಕೊಟ್ಟು ಮಲಗಿಬಿಟ್ಟ.

ಮೇಡಂ ಹೀಗೆ ಶುರು ಮಾಡಿದ್ದರು: "ಓ ಮಹಾವೃಕ್ಷವೇ! ನಿನ್ನ ಹಸಿರು ಸೆರಗಿನ ಅಡಿಯಲ್ಲಿ ಈ ನಗರವೆಂಬ ಕೂಸು ಕಣ್ಣು ಮುಚ್ಚುತ್ತದೆ. ನಿನ್ನ ಎಲೆಗಳ ಜೋಗುಳಕ್ಕೆ ಅಂಬರವೂ ತೂಗುತ್ತದೆ."

ಕೊಟ್ಟೂರೇಶಣ್ಣನದು ಹೀಗಿತ್ತು: "ಮಾನ್ಯರೇ, ನೀರುಕಾಗೆಯು ಮೀನು ತಿಂದು ಬಂದ ಮೇಲೆ ಒದ್ದೆ ರೆಕ್ಕೆಗಳನ್ನು ಎರಡೂ ಕಡೆ ಚಾಚಿ, ತೋಳಿನ ಅಳತೆ ಕೊಡಲು ನಿಂತ ಗಿರಾಕಿಯಂತೆ ನಿಲ್ಲುತ್ತದೆ. ಸದರಿ ಭಂಗಿಯಲ್ಲೇ ಕೆಳಗೆ ಹೇಸಿಗೆ ಮಾಡುತ್ತದೆ. ಬೆಳ್ಳಕ್ಕಿಗಳಲ್ಲಿ ಗಂಡು ಕಡ್ಡಿ ತರುತ್ತದೆ. ಹೆಣ್ಣು ಅದನ್ನು ಕೊಕ್ಕಿನಲ್ಲಿ ತಿರುಗಿಸಿ ನೋಡಿ, ಒಪ್ಪದಿದ್ದರೆ ಬಿಟ್ಟುಬಿಡುತ್ತದೆ. ತಿರಸ್ಕೃತ ಕಡ್ಡಿಗಳೆಲ್ಲ ನನ್ನ ಬೋರ್ಡಿನ ಮೇಲೆ ಬಿದ್ದಿರುತ್ತವೆ. ಗಂಡು ಸ್ವಲ್ಪ ಹೊತ್ತು ಆ ಕಡೆ ಈ ಕಡೆ ನೋಡಿ, ಏನೂ ಆಗಿಲ್ಲವೆಂಬಂತೆ ಇನ್ನೊಂದು ಕಡ್ಡಿಗೆ ಹೊರಡುತ್ತದೆ. ಮರಿಗಳ ಕೂಗು ದಿನವಿಡೀ, ಹಳೆಯ ಹೊಲಿಗೆ ಮಿಷನ್ನಿಗೆ ಎಣ್ಣೆ ಇಲ್ಲದಂತೆ. ಸಂಜೆ ಎಲ್ಲವೂ ಬಂದು ಕೂತಾಗ ಮರಕ್ಕೆ ಸುಣ್ಣ ಬಳಿದಂತೆ ಕಾಣುತ್ತದೆ. ಆದ್ದರಿಂದ ಸದರಿ ಮರವನ್ನು ತೆರವುಗೊಳಿಸಬೇಕಾಗಿ ಪ್ರಾರ್ಥನೆ."

ಕೊನೆಯ ವಾಕ್ಯವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಜಾಗ ಸಾಲದೆ ಫಜಲುಲ್ಲಾ ಅದನ್ನು ಸಣ್ಣ ಅಕ್ಷರದಲ್ಲಿ ಹಾಕಿದ್ದ.

ಸೋಮವಾರದಿಂದ ಜನ ಬಂದರು. ಬಟ್ಟೆಗಲ್ಲ, ಹಕ್ಕಿ ನೋಡಲು. "ಕಡ್ಡಿ ಬ್ಯಾಡ ಅನ್ನೋ ಹೆಂಗಸು ಯಾವುದ್ರಿ?" ಅಂತ ಕುಕ್ಕುವಾಡದಿಂದ ಬಂದ ಒಬ್ಬ ಹೆಂಗಸು ಕೇಳಿದಳು. ಕೊಟ್ಟೂರೇಶಣ್ಣ ಹಲ್ಲು ಕಡಿಯುತ್ತಾ, "ಎಡಗಡೆ, ಮೂರನೇ ಕೊಂಬಿ," ಅಂತ ತೋರಿಸಿದ. ಸಂಜೆಯ ಹೊತ್ತಿಗೆ ಅವನ ಗಂಟಲು ಬಿದ್ದಿತ್ತು.

"ನಾನು ಬೈದು ಬರ್ದೀನಿ, ಇವ್ರು ಚಪ್ಪಾಳೆ ಹೊಡೀತಾರಲ್ಲ!" ಅಂತ ನನ್ನ ಹತ್ತಿರ ಗೋಳಾಡಿದ.

ಊರಿಗೆಲ್ಲ ಅವನ ಬರಹ ಹಿಡಿಸಿತು ಅಂತಲೂ ಹೇಳಲಾರೆ. ಅವನ ಹೆಂಡತಿ ನೀಲಕ್ಕನಿಗೆ ಮೇಡಂ ಬರೆದದ್ದೇ ಇಷ್ಟ. "ಅವ್ರದು ಓದಿದ್ರೆ ನಮ್ಮವ್ವ ನೆನಪಾಗ್ತಾಳೆ. ನಿಮ್ದು ಓದಿದ್ರೆ ಮೂಗು ಮುಚ್ಕೊಬೇಕು ಅನ್ಸುತ್ತೆ," ಅಂದಳು ಗಂಡನಿಗೆ.

ತಪ್ಪು ತಿಳಿವಳಿಕೆ ಹೋಗಲಾಡಿಸಲು ಅವನು ಇನ್ನೊಂದು ದೂರು ಬರೆದ. ಇದರಲ್ಲಿ ಮೊದಲನೆಯದಕ್ಕಿಂತ ಹೆಚ್ಚು ಸಿಟ್ಟಿತ್ತು, ಹಾಗಾಗಿ ಹೆಚ್ಚು ವಿವರವೂ ಇತ್ತು: ಮರಿಯ ಬಾಯಿಗೆ ಕಪ್ಪೆ ಹೋಗುವ ಬಗೆ, ಮಳೆ ಬಂದಾಗ ತಾಯಿ ರೆಕ್ಕೆ ಬಿಚ್ಚುವ ಬಗೆ, ಗೂಡಿನಿಂದ ಜಾರಿದ ಮರಿಯೊಂದು ತನ್ನ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಕೂತು "ನನ್ನನ್ನೇ ಪರಕೀಯನಂತೆ ದಿಟ್ಟಿಸಿದ" ಬಗೆ. ಫಜಲುಲ್ಲಾ ಅದನ್ನು ಚಿತ್ರದ ಜೊತೆ ಇಡೀ ಪುಟಕ್ಕೆ ಹಾಕಿದ.

ಹರಿಹರದ ಓದುಗರ ಬಳಗದಿಂದ ಆಹ್ವಾನ ಬಂದದ್ದು ಆಗ. ಬಳಗ ನಡೆಸುವ ಶಾಲಾ ಶಿಕ್ಷಕಿ ಮೀನಾಕ್ಷಿ ಫೋನು ಮಾಡಿ, "ಪ್ರಕೃತಿ ಬರಹದಾಗ ಇಬ್ಬರ ಶೈಲಿ, ಇಬ್ಬರ ಉದ್ದೇಶ ಹೋಲಿಸಿ ಚರ್ಚೆ ಇಟ್ಕೊಂಡೀವ್ರಿ, ಇಬ್ರೂ ಬರ್ಬೇಕು," ಅಂದರು. ಕೊಟ್ಟೂರೇಶಣ್ಣನಿಗೆ ಖುಷಿಯಾಯಿತು. ಮೈಕಿನಲ್ಲಿ ನಿಂತು ಒಂದೇ ಸಲ ಎಲ್ಲರಿಗೂ ತನ್ನ ಉದ್ದೇಶ ಹೇಳಿಬಿಡಬಹುದು.

ಫಜಲುಲ್ಲಾನ ಕಾರಿನಲ್ಲಿ ಹೊರಟೆವು. ಮುಂದೆ ಮೇಡಂ, ಹಿಂದೆ ನಾವಿಬ್ಬರು. ಊರು ದಾಟಿದ ಮೇಲೆ ಮೇಡಂ ತಿರುಗಿ ಕೂತರು.

"ಕೊಟ್ಟೂರೇಶ್ ಅವರೇ, ಒಂದು ಮಾತು. ನಿಮ್ಮ ಲೇಖನ ಓದಿ ನನಗೆ ಹೊಟ್ಟೆ ಉರೀತು."

"ನಂದು ಲೇಖನ ಅಲ್ರಿ ಮೇಡಂ, ದೂರು."

"ಅದಕ್ಕೇ ಜಾಸ್ತಿ ಉರೀತು."

ಸಭೆ ನಡೆದದ್ದು ತುಂಗಭದ್ರೆಯ ದಂಡೆಗೆ ಹತ್ತಿರದ ಒಂದು ಸಣ್ಣ ಸಭಾಂಗಣದಲ್ಲಿ. ಐವತ್ತು ಕುರ್ಚಿ, ಎಲ್ಲವೂ ಭರ್ತಿ. ಮೊದಲು ಮೇಡಂ ತಮ್ಮ ಲೇಖನ ಓದಿದರು. ಅವರ ಗಂಟಲು ಚೆಂದ. ಕಾಗದದ ಮೇಲೆ ಹೂವಿನಂಗಡಿಯಂತೆ ಕಂಡದ್ದು ಬಾಯಲ್ಲಿ ಬಂದಾಗ ಬೇರೆಯೇ ಆಯಿತು. ಕೊಟ್ಟೂರೇಶಣ್ಣನೂ ಕಣ್ಣು ಮುಚ್ಚಿ ಕೇಳುತ್ತಿದ್ದ. ನಿದ್ದೆ ಅಂದುಕೊಂಡು ನಾನು ತಿವಿದೆ. "ಸುಮ್ನಿರು, ಕೇಳ್ತಿದೀನಿ," ಅಂದ.

ಓದಿ ಮುಗಿಸಿ ಮೇಡಂ ಹೇಳಿದರು: "ನನಗೆ ಮರ ಒಂದು ನೆಪ. ಓದಿದವರ ಮನಸ್ಸು ಸ್ವಲ್ಪ ಮೆತ್ತಗಾಗಲಿ ಅಂತ ಬರೀತೀನಿ. ಅದಕ್ಕೆ ತಾಯಿ, ಸೆರಗು, ಜೋಗುಳ ಎಲ್ಲರನ್ನೂ ಕರೀತೀನಿ. ಈ ಗಲಾಟೆಯಲ್ಲಿ ಮರಕ್ಕೆ ಜಾಗ ಕಡಿಮೆಯಾಗುತ್ತೆ, ಒಪ್ಕೋತೀನಿ. ಇವರ ಉದ್ದೇಶ ಮರವನ್ನೇ ತೆಗೆಸೋದು. ಅದಕ್ಕೆ ಸಾಕ್ಷಿ ಬೇಕು, ಸಾಕ್ಷಿಗೆ ನೋಡಬೇಕು. ಇವರು ಎಷ್ಟು ನೋಡಿದಾರೆ ಅಂದ್ರೆ, ಓದಿದವರಿಗೆ ಮರ ಬಿಟ್ಟರೆ ಬೇರೇನೂ ಕಾಣಲ್ಲ."

ಕೊಟ್ಟೂರೇಶಣ್ಣ ಎದ್ದು ಮೈಕ್ ಹಿಡಿದ. "ಎಲ್ಲಾರಿಗೂ ಶರಣು. ನಾನು ಲೇಖಕ ಅಲ್ಲ. ನಂಗೆ ಪ್ರಕೃತಿ ಗಿಕೃತಿ ಗೊತ್ತಿಲ್ಲ. ಆ ಮರ ಕಡೀಬೇಕು, ಅಷ್ಟೇ."

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹಿಂದಿನ ಸಾಲಿನ ಒಬ್ಬ ಹಿರಿಯರು, "ಎಂಥಾ ವ್ಯಂಗ್ಯ!" ಅಂದರು.

"ವ್ಯಂಗ್ಯ ಅಲ್ರೀ, ಖರೇನೇ!"

ಇನ್ನೂ ಜೋರಾಗಿ ನಕ್ಕರು. ಅವನು ನನ್ನ ಕಡೆ ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ.

ನಗು ನಿಂತ ಮೇಲೆ ಮೀನಾಕ್ಷಿ ಕೇಳಿದರು: "ಸರ್, ಮಾತಿಗೆ ಅಂತಿಟ್ಕೊಳ್ಳೋಣ. ಮರ ಕಡಿದ್ರೆ ಹಕ್ಕಿಗಳು ಎಲ್ಲಿಗೆ ಹೋಗ್ತವೆ?"

ಕೊಟ್ಟೂರೇಶಣ್ಣನಿಗೆ ಗೊತ್ತಿದ್ದ ಪ್ರಶ್ನೆ. "ಎಲ್ಲಿಗೂ ದೂರ ಹೋಗಲ್ರಿ. ಅವು ದಿನಾ ಮೇಯಾಕೆ ಬರೋದು ಇಲ್ಲಿಗೇ, ನಿಮ್ಮ ಹೊಳೆಗೆ. ಅಲ್ಲಿ ಮರ ಇಲ್ಲ ಅಂದ್ರೆ ಇಲ್ಲೇ ಉಳೀತವೆ. ಈ ಹಾಲಿನ ಹಿಂದೆ ಐತಲ್ಲ ದೊಡ್ಡ ಮರ, ಅದು ಭೇಷ್ ಆಗ್ತೈತೆ."

ಸಭಾಂಗಣದ ಹಿಂದಿನ ಆ ಮರದ ಕೆಳಗೇ ಎಲ್ಲರ ಗಾಡಿಗಳು ನಿಂತಿದ್ದವು. ವ್ಯಂಗ್ಯ ಮೆಚ್ಚಿದ ಹಿರಿಯರು ಎದ್ದುನಿಂತರು. "ಅಲ್ಲ, ಇಲ್ಲಿ ಬ್ಯಾಡ. ಇಲ್ಲಿ ಮದುವಿ ಮುಂಜಿ ನಡೀತವೆ." ಇನ್ನೊಬ್ಬರು, "ಹೇಸಿಗಿ ಮಾಡ್ತವೆ ಅಂತ ನೀವೇ ಬರ್ದೀರಿ." ಮತ್ತೊಬ್ಬರು, "ಪಟಾಕಿ ಹೊಡದ್ರೆ ಓಡ್ತವಲ್ಲ?"

ಆಗ ನಡೆದದ್ದನ್ನು ನಾನೂ ನಿರೀಕ್ಷಿಸಿರಲಿಲ್ಲ. ಕೊಟ್ಟೂರೇಶಣ್ಣನ ಮುಖ ಕೆಂಪಾಯಿತು. "ಪಟಾಕಿ? ಮರಿ ಇರೋವಾಗ ಪಟಾಕಿ? ತಾಯಿ ಎದ್ರೆ ಕಾಗಿ ಬಂದು ಮರಿ ಒಯ್ತವೆ, ಗೊತ್ತೈತಾ ನಿಮ್ಗೆ? ಏನ್ ಮಾಡ್ಯಾವ್ರಿ ನಮ್ಮ ಹಕ್ಕಿ? ಒಂದೀಟು ಹಿಕ್ಕಿ ಹಾಕ್ತವೆ. ತೊಳ್ಕೊಂಡ್ರೆ ಹೋಗ್ತೈತೆ. ನಿಮ್ಮ ಹೊಳಿ ಮೀನು ತಿಂದು ಅಲ್ಲಿ ನಮ್ಮ ಮೇಲೆ ಹಾಕ್ತವೆ, ನಾವು ತಡ್ಕೊಂಡಿಲ್ಲ? ಬ್ಯಾಡ, ನಿಮ್ಗೆ ಕೊಡಲ್ಲ!"

ಮೈಕ್ ಇಟ್ಟು ಬಂದು ಕೂತ. ತಾನು ಏನು ಹೇಳಿದೆ ಅಂತ ಅವನಿಗೆ ತಿಳಿದದ್ದು ಸ್ವಲ್ಪ ತಡವಾಗಿ. ಮೇಡಂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

ಸಭೆ ಮುಗಿಸಿ ಹೊಳೆಯ ಕಡೆ ಬಂದೆವು. ಬೆಳ್ಳಕ್ಕಿಗಳು ಸಾಲು ಸಾಲಾಗಿ ಎದ್ದು ದಾವಣಗೆರೆ ಕಡೆ ಹೊರಟಿದ್ದವು. ಕೊಟ್ಟೂರೇಶಣ್ಣ ಹಣೆಗೆ ಕೈಯಿಟ್ಟು ನೋಡಿ, "ನಡೀರಿ, ನಾವು ಹೋಗೋ ಮೊದ್ಲೇ ಅವು ಮುಟ್ತವೆ," ಅಂದ.

ಆ ವಾರವೇ ಅವನು ದೂರು ವಾಪಸು ತೆಗೆದುಕೊಂಡ. ಅಂಗಡಿಯಿಂದ ರಸ್ತೆಯವರೆಗೆ ಪಾರದರ್ಶಕ ಶೀಟಿನ ಚಪ್ಪರ ಹಾಕಿಸಿದ. ಬಿಸಿಲು ಬರುತ್ತದೆ, ಉಳಿದದ್ದು ಬರುವುದಿಲ್ಲ. ದಿನಾ ಸಂಜೆ ಏಣಿ ಹತ್ತಿ ಶೀಟು ತೊಳೆಯುತ್ತಾನೆ. ಬೈಯುತ್ತಲೇ ತೊಳೆಯುತ್ತಾನೆ.

ಮರ ಉಳಿಸಿ ಅಂತ ಪತ್ರಿಕೆಗೆ ಒಂದು ಲೇಖನವನ್ನೂ ಬರೆದ. ಮೊದಲ ಸಲ ಪ್ರೀತಿಯಿಂದ ಬರೆದದ್ದು. "ಮರ ಬಹಳ ಒಳ್ಳೆಯದು. ಹಕ್ಕಿಗಳು ಬಹಳ ಒಳ್ಳೆಯವು. ಪ್ರಕೃತಿಯನ್ನು ಎಲ್ಲರೂ ಪ್ರೀತಿಸಬೇಕು." ಫಜಲುಲ್ಲಾ ಓದಿ ನೇರ ಮೇಡಂಗೆ ತೋರಿಸಿದ. ಮೇಡಂ ಅಂಗಡಿಗೇ ಬಂದರು.

"ಏನ್ರೀ ಇದು? ಉದ್ದೇಶ ಸುಧಾರಿಸಿತು, ಶೈಲಿ ಸತ್ತುಹೋಯ್ತು."

"ಹೊಗಳಾಕೆ ಬರಲ್ಲ ಮೇಡಂ ನಂಗೆ."

"ಹಾಗಾದ್ರೆ ಬೈದೇ ಬರೀರಿ. ಹೊಗಳೋ ಕೆಲಸ ನಾನು ನೋಡ್ಕೋತೀನಿ."

ಅಂದಿನಿಂದ ಬೆಳಗ್ಗೆ ಮರದ ಕೆಳಗೆ ಎರಡು ಕುರ್ಚಿ, ಎರಡು ಕೊಡೆ. ಈಚೆಗೆ ಮೇಡಂ ಲೇಖನದಲ್ಲಿ ಸೆರಗು, ಜೋಗುಳ ಕಡಿಮೆಯಾಗಿ ಕೊಕ್ಕು, ಕಡ್ಡಿ ಜಾಸ್ತಿಯಾಗಿವೆ. ನೀಲಕ್ಕನಿಗೆ ಅದು ಸರಿಬಂದಿಲ್ಲ. ಮೇಡಂ ಕೆಟ್ಟುಹೋದರು ಅನ್ನುತ್ತಾಳೆ.

ಈ ವರ್ಷ ಮಳೆ ತಡವಾಯಿತು, ಹಕ್ಕಿಗಳೂ ತಡ ಮಾಡಿದವು. ಕೊಟ್ಟೂರೇಶಣ್ಣ ಖಾಲಿ ಮರದ ಕೆಳಗೆ ಕೂತು ಕೂತು ಸಾಕಾಗಿ ಹೊಸ ದೂರು ಬರೆದುಕೊಟ್ಟ: "ಬೆಳ್ಳಕ್ಕಿಗಳು ನಿಗದಿತ ಕಾಲಕ್ಕೆ ಹಾಜರಾಗದಿರುವ ಬಗ್ಗೆ."

"ಇದನ್ನ ಯಾರಿಗೆ ಅಂತ ಹಾಕ್ಲಿ?" ಅಂತ ಫಜಲುಲ್ಲಾ ಕೇಳಿದ.

"ನೀನು ಸುಮ್ನೆ ಹಾಕು. ಸಂಬಂಧಪಟ್ಟೋರು ನೋಡ್ಕೋತಾರೆ," ಅಂದ ಅವನು, ಆಕಾಶದಿಂದ ಕಣ್ಣು ತೆಗೆಯದೆ.