ಮಗ್ಗದ ಸದ್ದಿನಲ್ಲಿ ಆದ ರಾಜಿ

“ನಮ್ಮನೇಲಿ ಹೆಣ್ ಹುಡುಗಿ ಡಿಗ್ರಿ ಮಾಡೋದಾ? ಆಗೋ ಮಾತಲ್ಲ ಬಿಡು,” ಎಂದವರು ನಮ್ಮ ದೊಡ್ಡಪ್ಪ. ಆಗೆಲ್ಲ ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಬೆಳಗಾದರೆ ಪವರ್‌ಲೂಮ್ ಸದ್ದು. ಮಗ್ಗದ ಎಣ್ಣೆಯ ವಾಸನೆಗೆ ಸಾರಿನ ಒಗ್ಗರಣೆ ಬೆರೆತರೇನೇ ನಮಗೆ ಹೊಟ್ಟೆ ಹಸಿಯುತ್ತಿದ್ದದ್ದು.

ಹೈಸ್ಕೂಲು ದೂರ. ಎದುರುಮನೆ ಶೋಭಾ ಜೊತೆಗಿದ್ದರೆ ಮಾತ್ರ ಹೋಗಬಹುದೆಂದು ದೊಡ್ಡಪ್ಪನ ಅಪ್ಪಣೆ. ಅಂಥದ್ದರಲ್ಲಿ ಒಂದು ಭಾನುವಾರ ಕುಂಟೆಬಿಲ್ಲೆ ಆಡುವಾಗ, ಅವಳು ಗೆರೆ ತುಳಿದಳೆಂದು ನಾನು, ಇಲ್ಲವೆಂದು ಅವಳು. “ಸುಳ್ಳಿ!” ಎಂದು ಕೂಗಿದೆ. ಜಡೆ ಹಿಡಿದು ಎಳೆದಳು. ಟೂ ಬಿಟ್ಟೆವು.

ಸೋಮವಾರ ಅವಳು ಅಣ್ಣನ ಸೈಕಲ್ ಹತ್ತಿ ಹೋಗಿಬಿಟ್ಟಳು. ಬ್ಯಾಗ್ ಹೊತ್ತು ನಿಂತಿದ್ದ ನನಗೆ ದೊಡ್ಡಪ್ಪ, “ಒಬ್ಳನ್ನೇ ಕಳ್ಸಲ್ಲ. ಕೂತ್ಕೊಂಡು ಕಂಡಿಕೆ ಸುತ್ತು,” ಎಂದರು. ಲಾಳಿಗೆ ನೂಲು ಸುತ್ತಲು ಕೂತ ಹುಡುಗಿಯರು ಮತ್ತೆ ಸ್ಕೂಲಿಗೆ ಹೋದದ್ದನ್ನು ನಾನು ಕಂಡಿರಲಿಲ್ಲ.

ಸಂಜೆ ಅಮ್ಮ ಶೋಭಾಳನ್ನು ಕರೆತಂದು, ಓಡುತ್ತಿದ್ದ ಎರಡು ಮಗ್ಗಗಳ ನಡುವೆ ನಮ್ಮನ್ನು ಎದುರುಬದುರು ನಿಲ್ಲಿಸಿದಳು. ಕಿವಿಗೆ ಬಾಯಿಟ್ಟು, “ಏನ್ ನೋವಾಯ್ತು ಅಂತ ಒಬ್ಳು ಹೇಳ್ರೇ. ಇನ್ನೊಬ್ಳು ಅದನ್ನೇ ತಿರುಗಿ ಹೇಳ್ಬೇಕು. ಸರಿಯಾಗಿ ಹೇಳೋವರ್ಗೂ ಬಿಡಲ್ಲ,” ಎಂದಳು.

ನಾನು ಕಿರುಚಿದೆ. ಮಗ್ಗ ನುಂಗಿಹಾಕಿತು. ಅವಳು ಕಿರುಚಿದಳು. ಅದೂ ಹೋಯಿತು. ಆ ಸದ್ದಿನಲ್ಲಿ ಮಾತು ತಿಳಿಯಬೇಕಾದರೆ ನಿಧಾನವಾಗಿ ಹೇಳಬೇಕು, ತುಟಿಯನ್ನೇ ನೋಡಬೇಕು. ನೇಯುವವರು ಮಾತಾಡುವುದೇ ಹಾಗೆ. ಬೇರೆ ದಾರಿಯಿಲ್ಲದೆ ಅವಳ ಮುಖ ನೋಡಿದೆ. ತುಟಿ ನಡುಗುತ್ತಿತ್ತು.

“ಎಲ್ಲರ್ ಮುಂದೆ ನನ್ನ ಸುಳ್ಳಿ ಅಂದೆ.”

“ಎಲ್ಲರ್ ಮುಂದೆ ನಿನ್ನ ಸುಳ್ಳಿ ಅಂದೆ,” ಎಂದು ತಿರುಗಿ ಹೇಳಿದೆ. ನನ್ನ ಬಾಯಲ್ಲೇ ಬಂದಾಗ ಅದರ ಭಾರ ಗೊತ್ತಾಯಿತು.

“ಸರಿಯಾಗಿ ಹೇಳಿದ್ಲಾ?” ಎಂದಳು ಅಮ್ಮ, ಅವಳ ಕಡೆ ತಿರುಗಿ. ಶೋಭಾ ತಲೆಯಾಡಿಸಿದಳು. ಆಮೇಲೆ ನನ್ನ ಜಡೆಯ ಸರದಿ. ಆಚೆ ಮಗ್ಗದ ಬಳಿ ನಿಂತಿದ್ದ ದೊಡ್ಡಪ್ಪ ನಮ್ಮ ತುಟಿಗಳನ್ನೇ ನೋಡುತ್ತಿದ್ದರು.

ಗೆರೆ ತುಳಿದಿದ್ದಳೋ ಇಲ್ಲವೋ, ಇವತ್ತಿಗೂ ತೀರ್ಮಾನವಾಗಿಲ್ಲ. ಮರುದಿನ ಮಾತ್ರ ಇಬ್ಬರೂ ಕೈಹಿಡಿದು ಸ್ಕೂಲಿಗೆ ಹೋದೆವು. ಒಂದು ಬೈಗುಳವಿಲ್ಲದೆ, ಒಂದು ಏಟಿಲ್ಲದೆ ಅಮ್ಮ ಅದನ್ನು ಹೇಗೆ ಮಾಡಿದಳೆಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಈಗ ಆ ಮಗ್ಗಗಳು ಗುಜರಿಗೆ ಹೋಗಿವೆ. ಪಕ್ಕದ ಕೋಣೆಯಿಂದ ಮಾತಾಡಿದರೂ ಕೇಳಿಸುತ್ತದೆ. ಹಾಗಾಗಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಮಗ್ಗದ ಸದ್ದಿಗೇ ಕಿವಿ ಕಳೆದುಕೊಂಡ ದೊಡ್ಡಪ್ಪನಿಗೆ ಮಾತ್ರ ತುಟಿ ನೋಡುವ ಅಭ್ಯಾಸ ಉಳಿದಿದೆ. ಮೊನ್ನೆ ಸರ್ಟಿಫಿಕೇಟನ್ನು ಅವರ ಕೈಗಿಟ್ಟು, “ಡಿಗ್ರಿ ಆಯ್ತು, ದೊಡ್ಡಪ್ಪ,” ಎಂದೆ, ನಿಧಾನವಾಗಿ.

ನನ್ನ ಬಾಯನ್ನೇ ನೋಡಿದರು.

“ನಮ್ಮನೆ ಹುಡುಗೀದು ಡಿಗ್ರಿ ಆಯ್ತು,” ಎಂದರು. “ಸರಿಯಾಗಿ ಹೇಳಿದ್ನಾ?”