ಕಣ್ಣಿಲ್ಲದ ಗೌಡ

ಕಿನ್ನಾಳದ ವಿರುಪಣ್ಣ ಚಿತ್ರಗಾರ ಮೊಂಡ ಮನುಷ್ಯ. ಬೇವೂರಿನ ಹತ್ತಿರದ ನಮ್ಮ ಹಳ್ಳಿಯ ಹೆಣ್ಣನ್ನು ಮದುವೆಯಾಗಿ ಇಲ್ಲೇ ನೆಲೆಸಿದ್ದ. ಕಟ್ಟಿಗೆಯ ಗೊಂಬೆ ಮಾಡುತ್ತಿದ್ದ, ಯಾರ ಗೊಡವೆಗೂ ಹೋಗುತ್ತಿರಲಿಲ್ಲ. ಅವನನ್ನು ಊರ ಗೊಡವೆಗೆ ಎಳೆದದ್ದು ಮಗಳು ಹುಲಗೆಮ್ಮನ ಕಾಲಿನ ನಾರುಹುಣ್ಣು.

ಅದು ೧೯೩೯ರ ಬೇಸಿಗೆ. ಕೊಪ್ಪಳದಿಂದ ಬಂದ ಡಾಕ್ಟರು ಹುಣ್ಣಿನಿಂದ ಹೊರಬಂದ ಬಿಳಿ ಹುಳುವನ್ನು ಕಡ್ಡಿಗೆ ಸುತ್ತುತ್ತ ಹೇಳಿದರು: ಇದು ಬರುವುದು ಮೆಟ್ಟಿಲ ಬಾವಿಯ ನೀರಿನಿಂದ. ಹುಣ್ಣಿನ ಕಾಲು ನೀರಿಗಿಳಿಯದಂತೆ ಅಡ್ಡ ಗೋಡೆ ಕಟ್ಟಿ, ಮೇಲಿಂದ ಹಗ್ಗ ಬಿಟ್ಟು ಸೇದಿ. ಇಲ್ಲದಿದ್ದರೆ ಈ ಹುಡುಗಿಗೆ ಮತ್ತೆ ಬರುತ್ತದೆ, ಕಾಲು ಸೆಟೆದುಹೋಗುತ್ತದೆ.

ಗೋಡೆ ಕಟ್ಟಲು ಬನ್ನಿ ಎಂದು ವಿರುಪಣ್ಣ ಡಂಗುರ ಸಾರಿಸಿದರೆ ಬಂದವರು ಮೂವರು. ನಮ್ಮ ಜನವೇ ಹಾಗೆ, ಊರ ಕೆಲಸವೆಂದರೆ ಎಲ್ಲರಿಗೂ ಸೊಂಟನೋವು. ವಿರುಪಣ್ಣನಿಗೆ ಸಿಟ್ಟು ನೆತ್ತಿಗೇರಿತು. ಚಾವಡಿಯ ಗೋಡೆಗೆ ಸುಣ್ಣ ಬಳಿದು, ಮೂವತ್ತು ಮನೆಗಳ ಯಜಮಾನರನ್ನೂ ಸಾಲಾಗಿ ಬರೆದ. ರುಮಾಲು, ಮೀಸೆ, ಬಾಗಿದ ಭುಜ ನೋಡಿ ಮಕ್ಕಳು ಕೂಡ ಗುರುತು ಹಿಡಿದವು. ಕಣ್ಣು ಮಾತ್ರ ಬರೆಯಲಿಲ್ಲ. ಗೊಂಬೆಗೆ ಕಣ್ಣು ಬರೆದ ಮೇಲೇ ಜೀವ ಎಂದು ನಂಬುವ ಕಸುಬು ಅವನದು.

"ಬಾವ್ಯಾಗ ಒಂದು ಮೊಳ ಗೋಡಿ ಕಟ್ಟಿದವರಿಗೆ ಕಣ್ಣು ಬರೀತೀನಿ," ಎಂದ.

ಹೆಂಗಸರು ಅಪಶಕುನಕ್ಕೆ ಹೆದರಿ ಗಂಡಂದಿರನ್ನು ಮನೆಯಿಂದ ಹೊರಗಟ್ಟಿದರು. ಎಂಟು ದಿನದಲ್ಲಿ ಇಪ್ಪತ್ತೊಂಬತ್ತು ಮಂದಿಗೆ ಕಣ್ಣು ಬಂದವು. ಉಳಿದವನು ಹೇಮಪ್ಪಗೌಡ. ಬಾವಿಯಲ್ಲಿ ಅವನ ಪಾಲಿನ ಜಾಗ ಹಾಗೇ ತೆರೆದಿತ್ತು. ಗೌಡರ ಪಾಲನ್ನು ಮುಟ್ಟುವ ಧೈರ್ಯ ಯಾರಿಗೂ ಇಲ್ಲ. ಜನ ಅದರಲ್ಲೇ ನುಸುಳಿ ನೀರಿಗಿಳಿಯುತ್ತಿದ್ದರು.

ಅಷ್ಟರಲ್ಲಿ ಗೌಡನ ತಾಯಿ ಮುದುಕವ್ವನಿಗೆ ಕಣ್ಣು ಪೂರ್ತಿ ಕಾಣದಾಯಿತು. ಪೊರೆ ಬಂದು ಎಷ್ಟೋ ವರ್ಷವಾಗಿತ್ತು, ಆದರೆ ಊರೆಲ್ಲ ಚಾವಡಿಯ ಗೋಡೆಯತ್ತ ಬೆರಳು ಮಾಡಿತು. ನಿಜ ಹೇಳಬೇಕೆಂದರೆ ವಿರುಪಣ್ಣನಿಗೂ ಅಳುಕು ಹತ್ತಿತು. ಬರೆದ ರೂಪಕ್ಕೆ ಕಣ್ಣು ಕೊಡದೆ ಇಷ್ಟು ದಿನ ಬಿಟ್ಟವರು ಅವನ ಮನೆತನದಲ್ಲೇ ಇರಲಿಲ್ಲ.

ಮರುದಿನ ಮುಂಜಾನೆ ಗೌಡ ಇಬ್ಬರು ಆಳುಗಳನ್ನು ಕಟ್ಟಿಕೊಂಡು ಚಾವಡಿಗೆ ಬಂದ. ಆಳುಗಳ ಕೈಯಲ್ಲಿ ಹಾರೆ.

"ಕಣ್ಣು ಬರಿ. ಇಲ್ಲಾಂದ್ರ ಈ ಗೋಡಿ ಕೆಡವಸ್ತೀನಿ. ಆಮ್ಯಾಲೆ ನೀನೂ ಈ ಊರಾಗ ಇರಂಗಿಲ್ಲ."

ವಿರುಪಣ್ಣ ಕುಂಚ ಕೈಗೆತ್ತಿಕೊಂಡ, ಬಣ್ಣಕ್ಕೆ ಅದ್ದಲಿಲ್ಲ. ಈಗ ಬರೆದುಬಿಟ್ಟರೆ ಬಾವಿಯ ಗೋಡೆ ಎಂದೂ ಕೂಡುವುದಿಲ್ಲ, ಮಗಳ ಕಾಲು ಉಳಿಯುವುದಿಲ್ಲ.

"ನಿಮ್ಮ ಮನಿ ಕಲ್ಲು ಬಾವಿಗೆ ಬಂದ ಮ್ಯಾಲೆ ಬರೀತೀನ್ರಿ ಗೌಡ್ರ," ಎಂದ.

ಗೌಡ ಸನ್ನೆ ಮಾಡಿದ. ಆಳು ಹಾರೆ ಎತ್ತಿದ.

"ನಿಲ್ಲೋ," ಎಂದು ಯಾರೋ ಕೂಗಿದರು. ಮುದುಕವ್ವ ಗೋಡೆ ಸವರುತ್ತ ಬರುತ್ತಿದ್ದಳು. ಇನ್ನೊಂದು ಕೈಯಲ್ಲಿ ಸೊಂಟಕ್ಕೆ ಅವುಚಿ ಹಿಡಿದ ಕಲ್ಲು. ದಾರಿಯಲ್ಲಿ ಎಲ್ಲೋ ಬಿದ್ದಿರಬೇಕು, ಮೊಣಕಾಲ ಹತ್ತಿರ ಸೀರೆ ಮಣ್ಣಾಗಿತ್ತು.

"ನಮ್ಮ ಮನಿ ಕಲ್ಲು ತಂದೀನಪ್ಪ ವಿರುಪಣ್ಣ. ನನ್ನ ಮಗಗ ಕಣ್ಣು ಬರಿ."

ಗೌಡ ಹೋಗಿ ಕಲ್ಲಿಗೆ ಕೈಹಾಕಿದ. "ಬಿಡಬೇ ಯವ್ವ. ನಿನಗ್ಯಾಕ ಬೇಕಿತ್ತು ಇದು?"

ಅವಳು ಬಿಡಲಿಲ್ಲ. "ನಾ ಕುರುಡಿ ಹೇಮಪ್ಪ. ನಿನಗರ ಕಾಣತಿತ್ತಲ್ಲೋ."

ಗೌಡ ತಲೆ ತಗ್ಗಿಸಿದ. ಕಲ್ಲನ್ನು ಹೆಗಲಿಗೇರಿಸಿ, ತಾಯಿಯ ಕೈ ಹಿಡಿದು ಬಾವಿಯತ್ತ ನಡೆದ. ಆಳುಗಳು ಹಾರೆ ಹೊತ್ತು ಹಿಂದೆ ಹೋದರು.

ಸಂಜೆಗೆ ಬಾವಿಯ ಗೋಡೆ ಕೂಡಿತು. ವಿರುಪಣ್ಣ ಗೌಡನಿಗೆ ಕಣ್ಣು ಬರೆದು, ಮುದುಕವ್ವನ ಕಾಲಿಗೆ ಬಿದ್ದು ಅತ್ತ. ಬರೆದ ಕೂಡಲೇ ಅವಳಿಗೆ ಕಂಡೀತು ಎಂದು ಅವನೂ ನಂಬಿದ್ದ. ಕಾಣಲಿಲ್ಲ.