ಉತ್ತರಕ್ಕಿದ್ದ ಬಾಣ

ಸುಮಾ, ಆ ಯಂತ್ರವನ್ನು ತಿರುಗಿಸಿದವಳು ನಾನು. ನೀನಲ್ಲ. ಇಷ್ಟನ್ನು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು.

ಭೂಮಿ ನಡುಗಿ, ಹಿತ್ತಿಲ ಗೋಡೆ ಬಿದ್ದು ನಮ್ಮತ್ತೆ ಹೋದ ಮೇಲೆ ನಿಮ್ಮ ಆಫೀಸಿನವರು ಯಳಂದೂರು ಕಡೆಯ ಊರೂರಿಗೂ ಯಂತ್ರ ಇಡಲು ಬಂದರು — ನೆಲದೊಳಗಿನ ಬಿರುಕು ಎಲ್ಲಿದೆ, ಯಾವ ಕಡೆಗೆ ಓಡಿದೆ ಎಂದು ತಿಳಿಯಲು. ತಟ್ಟೆಗಳು ಉರುಳಿ ರೇಷ್ಮೆಹುಳುವೆಲ್ಲ ಸತ್ತು ನಮ್ಮ ಹುಳುಮನೆ ಖಾಲಿಯಿತ್ತು. ಅದರ ಮೂಲೆಯಲ್ಲಿ ನೀನು ಬೋರಲು ಮಲಗಿ, ರಸಮಟ್ಟದ ಗುಳ್ಳೆ ನಡುವಿಗೆ ಬರುವ ತನಕ ನಡುಕ ಅಳೆಯುವ ಆ ಡಬ್ಬಿಯನ್ನು ಅಲುಗಿಸಿ ಅಲುಗಿಸಿ ಕೂರಿಸಿದೆ. ಮೇಲಿನ ಬಾಣ ಉತ್ತರಕ್ಕೇ ಇರಬೇಕೆಂದು ನೆಲಕ್ಕೆ ಸೀಮೆಸುಣ್ಣದ ಗೆರೆ ಎಳೆದೆ. ಯಾರೂ ಮುಟ್ಟದಂತೆ ನೋಡಿಕೊಳ್ಳಿ ಅಕ್ಕ ಎಂದು ಹೇಳಿ, ನಮ್ಮಲ್ಲೇ ಮುದ್ದೆ ಉಂಡು ಹೋದೆ.

ಹೊಸ ಹುಳು ತರುವ ಮುಂಚೆ ಬ್ಲೀಚಿಂಗ್ ಪುಡಿ ಹಾಕಿ ನೆಲ ತೊಳೆಯಲೇಬೇಕು. ಡಬ್ಬಿ ಎತ್ತಿಟ್ಟು ಉಜ್ಜಿದೆ. ಗೆರೆ ಹೋಯಿತು. ಮತ್ತೆ ಇಡುವಾಗ ಗುಳ್ಳೆಯನ್ನು ನಿನ್ನಂತೆಯೇ ನಡುವಿಗೆ ತಂದೆ. ಆದರೆ ಬಾಣ — ಉತ್ತರಕ್ಕೆ ತಲೆ ಹಾಕಬಾರದು ಎಂದು ಕೇಳಿ ಬೆಳೆದವಳು ನಾನು. ಸಾವಾದ ಮನೆ ಬೇರೆ. ನಿನ್ನ ಮಾತು ನೆನಪಿತ್ತು. ನೆನಪಿದ್ದೇ ಪೂರ್ವಕ್ಕೆ ತಿರುಗಿಸಿದೆ. ಅಂಗೈಯಗಲದ ಡಬ್ಬಿ, ಯಾವ ಕಡೆ ನೋಡಿದರೇನು ಅಂತ...

ನಿಮ್ಮ ಸಾಹೇಬರು ನಿನ್ನನ್ನು ಕರೆದುಕೊಂಡು ಬಂದ ದಿನ ಹುಳುವಿಗೆ ಸೊಪ್ಪು ಹಾಕುತ್ತಿದ್ದೆ. ಆಮೇಲಿನ ಸಣ್ಣ ನಡುಕಗಳು ಬೆಟ್ಟದ ಕಡೆಯಿಂದ ಬಂದವೆಂದು ಬೇರೆ ಊರಿನ ಯಂತ್ರಗಳೆಲ್ಲ ಹೇಳಿದರೆ, ನಮ್ಮದೊಂದೇ ಇನ್ನೊಂದು ದಿಕ್ಕು ತೋರಿಸಿತ್ತಂತೆ. ಸಾಹೇಬರು ನಿನ್ನ ಮೇಲೆ ರೇಗಿದರು.

"ದಿಕ್ಕು ನೋಡಿ ಇಡೋಕೂ ಬರಲ್ವಾ ನಿಂಗೆ? ಈ ಮನೇಲಿ ಸಾವಾಗಿದೆ ಕಣಮ್ಮ."

ನೀನು ಮಂಡಿಯೂರಿ ಗೆರೆ ಹುಡುಕಿದೆ. ಆಮೇಲೆ ನನ್ನ ಕಡೆ ತಿರುಗಿದೆ. "ಅಕ್ಕ, ಯಾರಾದ್ರೂ ಮುಟ್ಟಿದ್ರಾ?"

"ಇಲ್ಲ ಕಣವ್ವ. ಆ ಮೂಲೆಗೆ ಯಾರೂ ಓಗಿಲ್ಲ."

ಸೊಪ್ಪು ಹರಡುತ್ತಲೇ ಹೇಳಿದೆ. ತಲೆ ಎತ್ತಲಿಲ್ಲ. ಅಲ್ಲೇ, ನಿಂತ ಹಾಗೇ, ಸಾಹೇಬರು ನಿನ್ನನ್ನು ಆ ಕೆಲಸದಿಂದ ಬಿಡಿಸಿದರು. ನಮ್ಮೂರಿನ ದಾಖಲೆಯನ್ನೂ ನಂಬಲಾಗದೆಂದು ಪಕ್ಕಕ್ಕಿಟ್ಟರು. ನೀನು ಬ್ಯಾಗು ಎತ್ತಿಕೊಂಡು, ಬರ್ತೀನಿ ಅಕ್ಕ, ಎಂದೆ. ನನಗೆ — ಆಗಲೂ.

ಬಿರುಕು ನಮ್ಮ ಕಾಲಡಿಯಲ್ಲೇ ಇದೆಯೋ ಇಲ್ಲವೋ, ಇಂದಿಗೂ ಯಾರಿಗೂ ತಿಳಿಯದು. ಪಾತ್ರೆ ಗಲಗಲ ಎಂದರೆ ಸಾಕು, ಅಕ್ಕಪಕ್ಕದವರು ಮಕ್ಕಳನ್ನೆತ್ತಿಕೊಂಡು ಬೀದಿಗೆ ಓಡುತ್ತಾರೆ. ಅವರ ಜೊತೆ ನಾನೂ ಓಡುತ್ತೇನೆ, ಏನೂ ಅರಿಯದವಳ ಹಾಗೆ.

ಆ ಸಾಹೇಬರು ಮತ್ತೆ ಕೊಳ್ಳೇಗಾಲಕ್ಕೆ ಬಂದಿದ್ದಾರಂತೆ. ಸೋಮವಾರ ಹೋಗುತ್ತೇನೆ. ಅಂದು ನೀನು ನಿಂತಂತೆ ಅವರೆದುರು ನಿಂತು, ನಿನ್ನ ಗೆರೆ ನೆಟ್ಟಗಿತ್ತು ಎಂದು ಹೇಳುತ್ತೇನೆ.